ಚೀಟಿಯಲ್ಲಿ ಕಾಯಿಲೆಯ ಹೆಸರಿರುವುದಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮದ್ದಿನ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ಸೇರಿ ನನಗೆ ಆಗ ಎರಡನೇ ವರ್ಷ. ಮಳೆಗಾಲ ಮುಗಿಯುತ್ತಾ ಬಂದ ಒಂದು ಸಂಜೆ. ಒಬ್ಬರು ಮಗನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಕೈಯಲ್ಲಿ ಮಂಗಳೂರಿನ ಡಾಕ್ಟರ ಚೀಟಿ. ಹುಡುಗನಿಗೆ ಏಳು ವರ್ಷ, ತೂಕ 22 ಕಿಲೋ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆ, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಜೊತೆಗೆ ಜ್ವರಕ್ಕೆ ಪ್ಯಾರಸಿಟಮಾಲ್.

ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಸಾಲು ನಾಲಿಗೆ ತುದಿಯಲ್ಲೇ ಇತ್ತು. ಡಾಕ್ಸಿಸೈಕ್ಲಿನ್‌ನಂಥ ಟೆಟ್ರಾಸೈಕ್ಲಿನ್ ಜಾತಿಯ ಮದ್ದು ಎಂಟು ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಹಲ್ಲು ಹಳದಿಯಾಗುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಮಾರ್ಕ್ ಸಿಕ್ಕಿತ್ತು.

"ಇದು ಸಣ್ಣ ಮಕ್ಕಳಿಗೆ ಆಗುವುದಿಲ್ಲ ಅಣ್ಣ. ನಾಳೆ ಡಾಕ್ಟರಲ್ಲಿ ಇನ್ನೊಮ್ಮೆ ಕೇಳಿ ಬನ್ನಿ" ಎಂದೆ.

"ಡಾಕ್ಟರೇ ಬರೆದದ್ದಲ್ವಾ ಅಕ್ಕ?"

"ಅವರಿಗೆ ವಯಸ್ಸು ನೋಡುವಾಗ ತಪ್ಪಿರಬಹುದು."

ಚೀಟಿಯಲ್ಲಿದ್ದ ನಂಬರಿಗೆ ಒಮ್ಮೆ ಫೋನ್ ಮಾಡಿದೆ, ಎತ್ತಲಿಲ್ಲ. ಎರಡನೇ ಸಲ ಮಾಡಲಿಲ್ಲ. ಪ್ಯಾರಸಿಟಮಾಲ್ ಮಾತ್ರ ಕೊಟ್ಟು ಕಳಿಸಿದೆ. ಅವರು ಪೆರ್ಲದ ಬಸ್ಸು ಹಿಡಿದು ಹೋದರು. ಒಂದು ಮಗುವಿನ ಹಲ್ಲು ಉಳಿಸಿದೆ ಎಂದು ಆ ರಾತ್ರಿ ಮನೆಯಲ್ಲಿ ಹೇಳಿಕೊಂಡದ್ದೂ ಉಂಟು.

ಮರುದಿನ ಬೆಳಿಗ್ಗೆ ಅಂಗಡಿಯ ಫೋನ್ ಬಡಿಯಿತು. ಅದೇ ಡಾಕ್ಟರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ನೀವು ಹುಡುಗನ ಕಂಕುಳು ನೋಡಿದ್ರಾ?"

ನಾನು ಎಲ್ಲಿ ನೋಡಲಿ!

"ಬೀಡಿಯಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಉಂಟು ಅಲ್ಲಿ. ಐದು ದಿನದ ಜ್ವರ. ಸ್ಕ್ರಬ್ ಟೈಫಸ್. ಅದಕ್ಕೆ ಮೊದಲ ಮದ್ದೇ ಡಾಕ್ಸಿ. ಐಸಿಎಂಆರ್‌ನವರ ಗೈಡ್‌ಲೈನ್ ಉಂಟಲ್ಲ, ಒಮ್ಮೆ ಓದಿ."

ಹುಡುಗನಿಗೆ ಮದ್ದು ಶುರುವಾಗುವಾಗ ಒಂದು ಇಡೀ ರಾತ್ರಿ ದಾಟಿತ್ತು. ಎರಡು ದಿನದಲ್ಲಿ ಜ್ವರ ಇಳಿಯಿತು, ನನ್ನ ಅದೃಷ್ಟ. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುವ ಜ್ವರ ಇದು. ತಡವಾದರೆ ಶ್ವಾಸಕೋಶ, ಕಿಡ್ನಿ, ಮಿದುಳಿಗೂ ಹೋಗಬಹುದು. ಅದಕ್ಕೇ ಪರೀಕ್ಷೆಯ ವರದಿಗೆ ಕಾಯದೆ, ಬಲವಾದ ಅನುಮಾನ ಬಂದ ಕೂಡಲೇ ಮದ್ದು ಶುರು ಮಾಡುತ್ತಾರೆ.

ಅಂದು ಮಧ್ಯಾಹ್ನ ಊಟ ಬಿಟ್ಟು ಓದಿದೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿತ್ತು: 45 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ದಿನಕ್ಕೆ ಕಿಲೋಗೆ 4.5 ಮಿಲಿಗ್ರಾಂ, ಎರಡು ಸಲಕ್ಕೆ ಹಂಚಿ. 22 ಕಿಲೋಗೆ ಲೆಕ್ಕ ಹಾಕಿದರೆ 99. ಅಂದರೆ ಡಾಕ್ಟರು ಬರೆದ ಅರ್ಧ, ಅರ್ಧ ಮಾತ್ರೆ. ಕೂದಲೆಳೆಯಷ್ಟೂ ತಪ್ಪಿಲ್ಲ. ಹಲ್ಲಿನ ಭಯ ಹಳೆಯ ಟೆಟ್ರಾಸೈಕ್ಲಿನ್‌ನಿಂದ ಬಂದದ್ದು. ಡಾಕ್ಸಿ ಹಲ್ಲಿನ ಕ್ಯಾಲ್ಸಿಯಂಗೆ ಅಷ್ಟು ಅಂಟಿಕೊಳ್ಳುವುದಿಲ್ಲ. 21 ದಿನದವರೆಗೆ ಯಾವ ವಯಸ್ಸಿನ ಮಕ್ಕಳಿಗೂ ಕೊಡಬಹುದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲೇ ಹೇಳಿದೆ. ನಾನು ಓದಿದ ಪುಸ್ತಕ ಅದಕ್ಕಿಂತ ಹಳೆಯದು.

ಆದರೆ ಪುಸ್ತಕ ಹಳೆಯದು ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಮಗುವಿಗೆ ಯಾವ ಕಾಯಿಲೆ ಎಂದು ನಾನು ಕೇಳಲೇ ಇಲ್ಲ. ಕೇಳಿದ್ದರೆ ಅಪ್ಪನೇ ಹೇಳುತ್ತಿದ್ದರು, ಡಾಕ್ಟರು ಅವರಿಗೆ ಹಕ್ಕಳೆ ತೋರಿಸಿದ್ದರಂತೆ. ಚಿಕಿತ್ಸೆಯ ಮಾರ್ಗಸೂಚಿ ಶುರುವಾಗುವುದೇ ಕಾಯಿಲೆಯ ಹೆಸರಿನಿಂದ. ನಮ್ಮ ಕೈಗೆ ಬರುವ ಚೀಟಿಯಲ್ಲಿ ಹೆಚ್ಚಾಗಿ ಇಲ್ಲದಿರುವುದೂ ಅದೇ. ಮದ್ದಿನ ಹೆಸರು ಮಾತ್ರ ಹಿಡಿದುಕೊಂಡು ಗೈಡ್‌ಲೈನ್ ತೆರೆದರೆ, ಬಾಗಿಲಿನ ನಂಬರ್ ಗೊತ್ತಿಲ್ಲದೆ ಫ್ಲ್ಯಾಟಿನಲ್ಲಿ ಮನೆ ಹುಡುಕಿದ ಹಾಗೆ.

ಹಾಗಾಗಿ ಈಗ ಮೊದಲು ಕೇಳುವುದು "ಮದ್ದು ಎಂತಕ್ಕೆ?" ತುಳುವಿನವರಲ್ಲಿ "ದಾಯೆಗ್ ಮರ್ದ್?", ಮಲಯಾಳದವರಲ್ಲಿ "ಎಂದಿನಾ ಮರುನ್ನ್?" ನಮ್ಮ ಕೌಂಟರಿನಲ್ಲಿ ಬೆಳಿಗ್ಗೆಯಿಂದ ರಾತ್ರಿಗೆ ನಾಲ್ಕೈದು ಭಾಷೆ ಹಾದುಹೋಗುತ್ತದೆ. ಎಲ್ಲದರಲ್ಲೂ ಸಿಗುವ ಉತ್ತರ ಒಂದೇ: "ಜ್ವರಕ್ಕೆ." ಜ್ವರ ಕಾಯಿಲೆಯ ಹೆಸರಲ್ಲವಲ್ಲ. "ರಕ್ತ ಪರೀಕ್ಷೆ ಮಾಡಿದ್ದಾರಾ? ಆ ಕಾಗದ ಉಂಟಾ? ಡಾಕ್ಟರು ಎಂತ ಹೇಳಿದ್ರು?" ಎಂದು ಕೆದಕಬೇಕು. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ. ಚೀಟಿಯನ್ನು ಪರಿಶೀಲಿಸುವುದು, ಮದ್ದಿನ ಬಗ್ಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟನ ಕೆಲಸವೇ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಬರೆದಿದೆ.

ಡಾಕ್ಟರಿಗೆ ಫೋನ್ ಮಾಡುವ ರೀತಿಯೂ ಬದಲಾಯಿತು. ಮೊದಲು ವಯಸ್ಸು, ತೂಕ, ಬೇರೆ ಯಾವ ಮದ್ದು ನಡೆಯುತ್ತಿದೆ, ಕಿಡ್ನಿಯ ವರದಿ ಇದ್ದರೆ ಅದು, ಇಷ್ಟು ಒಂದು ತುಂಡು ಕಾಗದದಲ್ಲಿ ಬರೆದುಕೊಳ್ಳುತ್ತೇನೆ. "ಇದು ತಪ್ಪಲ್ವಾ ಡಾಕ್ಟ್ರೇ" ಎನ್ನುವುದಿಲ್ಲ. "ಯಾವುದಕ್ಕೆ ಎಂದು ತಿಳಿದರೆ ಮನೆಯವರಿಗೆ ಸರಿಯಾಗಿ ಹೇಳಿಕೊಡಬಹುದು" ಎನ್ನುತ್ತೇನೆ. ಎತ್ತದಿದ್ದರೆ ಎರಡನೇ ಸಲ, ಮೂರನೇ ಸಲ ಮಾಡುತ್ತೇನೆ.

ಇದರ ಉಲ್ಟಾ ಕತೆಯೂ ಒಂದು ಉಂಟು. ಮುಳ್ಳೇರಿಯ ಕಡೆಯ ಒಬ್ಬರು ಅಡಿಕೆ ಕೃಷಿಕರು, ನಾನು ಮಾವ ಎಂದೇ ಕರೆಯುವುದು. ಉಬ್ಬಸಕ್ಕೆ ನೀಲಿ ಇನ್‌ಹೇಲರ್ ಒಯ್ಯುತ್ತಿದ್ದರು. "ಮುಗಿಯಿತು ಮಗಾ, ಇನ್ನೊಂದು ಕೊಡು" ಎನ್ನುತ್ತಾ ಬರುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ದೂರದಲ್ಲಿ ಅವರ ಕೊಡೆ ಕಂಡರೆ ನಾನು ಡಬ್ಬಿ ತೆಗೆದಿಡುತ್ತಿದ್ದೆ. ಒಂದು ದಿನ ಸುಮ್ನೆ ಕಂಪ್ಯೂಟರಿನಲ್ಲಿ ಹಳೆ ಬಿಲ್ ನೋಡಿದೆ. ಐದು ತಿಂಗಳಲ್ಲಿ ಏಳು. ಒಂದರಲ್ಲಿ 200 ಸಲ ಎಳೆಯುವಷ್ಟು ಮದ್ದು. ದಿನಕ್ಕೆ ಒಂಬತ್ತು ಸಲ!

ಆಸ್ತಮಾಕ್ಕೆ ಜಗತ್ತಿನ ಹೆಚ್ಚಿನ ಡಾಕ್ಟರುಗಳು ನೋಡುವ ಗೀನಾ ಮಾರ್ಗಸೂಚಿ 2019ರಲ್ಲೇ ಮಾತು ಬದಲಿಸಿತ್ತು. ದೊಡ್ಡವರಿಗೆ ನೀಲಿ ಇನ್‌ಹೇಲರಿನಲ್ಲಿರುವ ಸಾಲ್ಬ್ಯುಟಮಾಲ್ ಒಂದೇ ಸಾಲದು, ಶ್ವಾಸನಾಳದ ಊತ ಇಳಿಸುವ ಸ್ಟಿರಾಯ್ಡ್ ಇನ್‌ಹೇಲರ್ ಬೇಕೇ ಬೇಕು. ವರ್ಷಕ್ಕೆ ಮೂರು ನೀಲಿ ಡಬ್ಬಿ ಅಥವಾ ಹೆಚ್ಚು ಖರ್ಚಾದರೆ ದೊಡ್ಡ ದಾಳಿಯ ಅಪಾಯ ಜಾಸ್ತಿ. ಹನ್ನೆರಡು ದಾಟಿದರೆ ಜೀವಕ್ಕೇ ಅಪಾಯ ಹೆಚ್ಚು.

ಮಾವನ ಡಾಕ್ಟರು ಹಳೆ ಕಾಲದವರು, ಬರೆದಿರಲಿಕ್ಕಿಲ್ಲ ಎಂದುಕೊಂಡೆ. ಮತ್ತೆ ಅದೇ ಹುಂಬತನ, ನೋಡಿ. ಮಾವನ ಹಳೆ ಚೀಟಿ ತರಿಸಿ ನೋಡಿದರೆ ಎರಡು ಸಾಲು ಉಂಟು. ಮೊದಲನೆಯದು ನೀಲಿ. ಎರಡನೆಯದು ಸ್ಟಿರಾಯ್ಡ್, ದಿನಕ್ಕೆ ಎರಡು ಸಲ. ಮಾವ ಎರಡು ವರ್ಷದಿಂದ ಮೊದಲ ಸಾಲನ್ನು ಮಾತ್ರ ಕೊಳ್ಳುತ್ತಿದ್ದರು.

"ಆ ಇನ್ನೊಂದು ಎಳೆದರೆ ಕೂಡಲೇ ಎಂತದೂ ಗೊತ್ತಾಗುವುದಿಲ್ಲ ಮಗಾ. ರೇಟೂ ಜಾಸ್ತಿ. ಮತ್ತೆ ಸ್ಟಿರಾಯ್ಡ್ ಅಲ್ವಾ ಅದು?"

ಡಾಕ್ಟರು ಗೈಡ್‌ಲೈನಿನ ಪ್ರಕಾರವೇ ಬರೆದಿದ್ದರು. ಅದರ ಅರ್ಧ ಭಾಗ ನಮ್ಮ ಕಪಾಟಿನಲ್ಲೇ ಉಳಿದಿತ್ತು, ನಮ್ಮ ಕಣ್ಣೆದುರೇ. ಫೋನ್ ಮಾಡಿ ಬಿಲ್ಲಿನ ಲೆಕ್ಕ ಹೇಳಿದೆ. "ಒಳ್ಳೆಯದಾಯ್ತು ಹೇಳಿದ್ದು, ಕಳಿಸಿ" ಎಂದರು. ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಒಂದೇ ಇನ್‌ಹೇಲರ್ ಬರೆದರು. ದಿನವೂ ಅದೇ, ಉಸಿರು ಕಟ್ಟಿದಾಗಲೂ ಅದೇ. ಎಳೆಯುವ ಕ್ರಮ ನಾನು ತೋರಿಸಿಕೊಟ್ಟೆ, ಬಾಯಿ ಮುಕ್ಕಳಿಸಬೇಕು ಎಂದು ಮೂರು ಸಲ ಹೇಳಿದೆ. ಇನ್‌ಹೇಲರ್ ಯಂತ್ರಕ್ಕೆ ಹಾಕುವ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದವರನ್ನೂ ಕಂಡವಳು ನಾನು, ಹೇಳಿದಷ್ಟೂ ಕಡಿಮೆಯೇ. ಆಮೇಲೆ ನಾಲ್ಕು ತಿಂಗಳು ಮಾವ ನೀಲಿ ಡಬ್ಬಿ ಕೇಳಲಿಲ್ಲ. ಬೇರೆ ಅಂಗಡಿಯಿಂದ ಒಯ್ಯುತ್ತಿದ್ದಾರೋ ಎಂದು ಅನುಮಾನ ಬಂದು ಕೇಳಿಯೂ ಬಿಟ್ಟೆ. ಬೈಸಿಕೊಂಡೆ.

ಕೆಲವು ಮಾರ್ಗಸೂಚಿಗಳಿಗೆ ಇಷ್ಟೆಲ್ಲ ತಲೆ ಓಡಿಸಬೇಕಾಗಿಲ್ಲ. ಮಕ್ಕಳ ಭೇದಿಗೆ ಓಆರ್‌ಎಸ್, ಜೊತೆಗೆ 10ರಿಂದ 14 ದಿನ ಜಿಂಕ್. 2004ರಿಂದ ಡಬ್ಲ್ಯುಎಚ್‌ಒ, ಯುನಿಸೆಫ್ ಹೇಳುತ್ತಿರುವುದು ಇದನ್ನೇ. ಭೇದಿ ನಿಂತ ಕೂಡಲೇ ಜಿಂಕ್ ನಿಲ್ಲಿಸುವ ಅಮ್ಮಂದಿರಿಗೆ ಬಾಟಲಿಯ ಮೇಲೆ ಕೊನೆಯ ತಾರೀಕು ಪೆನ್ನಿನಲ್ಲಿ ಬರೆದು ಕೊಡುತ್ತೇನೆ, ಅಷ್ಟೆ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೇಳುವವರಿಗೆ ಇಲ್ಲ ಎನ್ನುವುದೂ ಈಗ ಮೊದಲಿಗಿಂತ ಸುಲಭ. 2024ರಲ್ಲಿ ಕೇರಳದಲ್ಲಿ ಆಪರೇಷನ್ ಅಮೃತ್ ತಪಾಸಣೆ ಶುರುವಾದ ಮೇಲೆ 'ಚೀಟಿ ಇಲ್ಲದೆ ಆಂಟಿಬಯೋಟಿಕ್ ಇಲ್ಲ' ಎಂಬ ಬೋರ್ಡು ತೋರಿಸಿದರೆ ಸಾಕು.

ಆ ಹುಡುಗನ ಅಪ್ಪ ಮರುವರ್ಷ ಮಳೆಗಾಲದಲ್ಲಿ ಪುನಃ ಬಂದರು. ಉದ್ಯೋಗ ಖಾತ್ರಿಯಲ್ಲಿ ತೋಡು ಹೂಳೆತ್ತುವ ಕೆಲಸ. ಇಲಿಜ್ವರ ಬಾರದಿರಲು ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಮಾತ್ರೆ ಕೊಟ್ಟಿದ್ದಾರೆ, ಹೇಗೆ ತಿನ್ನುವುದು ಎಂದು ಕೇಳಿದರು. ಸ್ಟ್ರಿಪ್ ನೋಡಿದರೆ ಅದೇ ಡಾಕ್ಸಿ, ಅದೇ 100 ಮಿಲಿಗ್ರಾಂ. ಈ ಸಲ ಮೊದಲು ಕೇಳಿದೆ, ಜ್ವರ ಉಂಟಾ, ಮೈಕೈ ನೋವು ಉಂಟಾ ಎಂದು. ಇಲ್ಲ ಎಂದರು. ಹಾಗಾದರೆ ವಾರಕ್ಕೊಮ್ಮೆ ಎರಡು ಮಾತ್ರೆ ಒಟ್ಟಿಗೆ, ಊಟದ ಮೇಲೆ, ಒಂದು ದೊಡ್ಡ ಗ್ಲಾಸ್ ನೀರಿನಲ್ಲಿ. ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಸುಡುತ್ತದೆ. ಜ್ವರ ಬಂದರೆ ಇದನ್ನೇ ತಿನ್ನುತ್ತಾ ಕೂರದೆ ಡಾಕ್ಟರಲ್ಲಿಗೆ ಹೋಗಬೇಕು. ಎಲ್ಲ ಹೇಳಿ ಮುಗಿಸಿದೆ.

ಸ್ಟ್ರಿಪ್ ಜೇಬಿಗೆ ಹಾಕುತ್ತಾ ಅವರು ನಕ್ಕರು.

"ಮಗನಿಗೆ ಎಂಟು ದಾಟಿತು ಅಕ್ಕ. ಇನ್ನು ನಿಮ್ಮ ತಕರಾರು ಇಲ್ಲ ಅಲ್ವಾ?"