ಐಸಿಯು ಡ್ಯೂಟಿ, ಬರ್ನ್‌ಔಟ್, ರಜ ಹಾಕಿದ್ರೂ ಹೋಗದ ಸುಸ್ತು

ಐಸಿಯುನಲ್ಲಿ ಕೆಲ್ಸ ಮಾಡೋ ನರ್ಸು ಸುಸ್ತು ಅಂದ್ರೆ ಎಲ್ರೂ ಹೇಳೋದು ಒಂದೇ ಮಾತು, ನಾಲ್ಕು ದಿನ ರಜ ಹಾಕಿ ಊರಿಗೆ ಹೋಗ್ಬಾ ಸರಿ ಹೋಗುತ್ತೆ ಅಂತ. ಹೋಗ್ತೀವಿ, ಅಮ್ಮನ ಕೈ ಅಡುಗೆ ಉಣ್ತೀವಿ, ಹೊತ್ತು ಗೊತ್ತಿಲ್ದೆ ಮಲಗ್ತೀವಿ, ವಾಪಸ್ ಬಂದು ಯೂನಿಫಾರ್ಮ್ ಹಾಕಿದ ಮೊದಲನೇ ಡ್ಯೂಟೀಲೇ ಅದೇ ಭಾರ ಮತ್ತೆ ಹೆಗಲ ಮೇಲೆ. ನಂಗೂ ಹೀಗೇ ಆಗ್ತಿತ್ತು. ವೆಂಟಿಲೇಟರ್ ಅಲಾರಾಂ ಹೊಡ್ಕೊಂಡ್ರೆ ಕೈ ತಾನಾಗೇ ಹೋಗೋದು, ಸಕ್ಷನ್ ಮಾಡಿ ಕಫ ತೆಗೀತಿದ್ದೆ, ಚಾರ್ಟ್ ಬರೀತಿದ್ದೆ, ಮುಂದಿನ ಶಿಫ್ಟ್‌ನವ್ರಿಗೆ ಓವರ್ ಕೊಡ್ತಿದ್ದೆ, ಏನೂ ತಪ್ತಿರ್ಲಿಲ್ಲ. ಆದ್ರೆ ಮನೆಗೆ ಬಂದ್ಮೇಲೆ ಬೆಡ್ ಮೇಲಿದ್ದವರ ಮುಖನೇ ನೆನಪಿರ್ತಿರ್ಲಿಲ್ಲ. ಹೊರಗೆ ಬೆಂಚ್ ಮೇಲೆ ಕೂತಿರೋ ಪೇಷಂಟ್ ಕಡೆಯವ್ರು "ಸಿಸ್ಟರ್, ನಮ್ಮಪ್ಪ ಹೇಗಿದಾರೆ" ಅಂತ ಕೇಳಿದ್ರೆ ಕೋಪಾನೂ ಬರ್ತಿರ್ಲಿಲ್ಲ, ಅಯ್ಯೋ ಅಂತಾನೂ ಅನ್ನಿಸ್ತಿರ್ಲಿಲ್ಲ. ಅದು ನಂಗೆ ನಿಜಕ್ಕೂ ಭಯ ಹುಟ್ಟಿಸ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐಸಿಡಿ-11 ಅನ್ನೋ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟೀಲಿ ಬರ್ನ್‌ಔಟ್ ಬಗ್ಗೆ ಹೇಳಿರೋದೂ ಹೆಚ್ಚುಕಮ್ಮಿ ಇದನ್ನೇ: ಮೈಯಲ್ಲಿ ಶಕ್ತಿ ಬತ್ತಿ ಹೋಗೋದು, ಕೆಲಸದಿಂದ ಮನಸ್ಸು ದೂರ ಸರಿಯೋದು, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ಅದನ್ನ ಕಾಯಿಲೆ ಅಂತ ಸೇರಿಸಿಲ್ಲ, ಕೆಲಸದ ಜಾಗದ ಒತ್ತಡ ಬಹಳ ದಿನ ಹಾಗೇ ಉಳಿದು ಬರೋ ಸ್ಥಿತಿ ಅಂತ ಇಟ್ಟಿದ್ದಾರೆ. ಇದು ಮುಖ್ಯ, ಯಾಕಂದ್ರೆ ನಮಗೆ ಸಿಗೋ ಸಲಹೆ ಎಲ್ಲಾ ನಮ್ಮನ್ನೇ ರಿಪೇರಿ ಮಾಡೋದು. ಯೋಗ ಮಾಡಿ, ಧ್ಯಾನ ಮಾಡಿ, ಪಾಸಿಟಿವ್ ಆಗಿರಿ. ಯೋಗ ಒಳ್ಳೇದೇ, ನಾನೂ ಮಾಡ್ತೀನಿ. ಆದ್ರೆ ದೇಹ, ಮನಸ್ಸು, ಮನೆ, ಡ್ಯೂಟಿ ಲಿಸ್ಟು ಇವೆಲ್ಲಾ ಒಟ್ಟಿಗೇ ನೋಡ್ದೆ ಒಂದನ್ನ ಮಾತ್ರ ಹಿಡ್ಕೊಂಡ್ರೆ ಈ ಸುಸ್ತು ಹೋಗಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಮೊದ್ಲು ರಕ್ತ ಪರೀಕ್ಷೆ ಮಾಡಿಸಿ, ದಯವಿಟ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ದೇಶದಲ್ಲಿ 57%, ನಮ್ಮ ಕರ್ನಾಟಕದಲ್ಲೇ 47.8% ಜನಕ್ಕೆ ರಕ್ತಹೀನತೆ ಇದೆ. ಬೇರೆಯವ್ರ ರಿಪೋರ್ಟ್ ದಿನಾ ನೋಡೋ ನಾವು ನಮ್ಮದು ನೋಡೋದೇ ಇಲ್ಲ. ನಂಗೆ ಹಿಮೋಗ್ಲೋಬಿನ್ ನಾರ್ಮಲ್ ಅಂಚಲ್ಲಿತ್ತು, ಆದ್ರೆ ಡಾಕ್ಟರು ಫೆರಿಟಿನ್ನೂ ಬರೆದಿದ್ರು, ಅಂದ್ರೆ ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸೋ ಪರೀಕ್ಷೆ, ಅದು ಪಾತಾಳಕ್ಕೆ ಹೋಗಿತ್ತು, ಜೊತೆಗೆ ವಿಟಮಿನ್ ಬಿ12 ಕಮ್ಮಿ. ಥೈರಾಯ್ಡ್ ಸರಿಯಿತ್ತು. ಐರನ್ ಮಾತ್ರೆ ತಗೊಳೋರು ಕಾಫಿ ಟೀ ಜೊತೆ ತಗೋಬೇಡಿ, ಕಬ್ಬಿಣಾಂಶ ಮೈಗೆ ಹಿಡಿಯೋಕೆ ಅವು ಅಡ್ಡ ಬರ್ತವೆ, ನಿಂಬೆ ಪಾನಕದ ಜೊತೆ ಆದ್ರೆ ಒಳ್ಳೇದು. ಮಾತ್ರೆ ಶುರುವಾದ್ಮೇಲೆ ಮೆಟ್ಟಿಲು ಹತ್ತುವಾಗಿನ ಏದುಸಿರು ಕಮ್ಮಿ ಆಯ್ತು, ಮನಸ್ಸಿನ ಮಂಕು ಮಾತ್ರ ಪೂರ್ತಿ ಹೋಗ್ಲಿಲ್ಲ.

ನಿದ್ದೆ ವಿಷ್ಯ ಇನ್ನೂ ದೊಡ್ಡದು. ನೈಟ್ ಮುಗಿಸಿ ಹೊರಗೆ ಬಂದಾಗ ಕಣ್ಣಿಗೆ ಬೀಳೋ ಬೆಳಗಿನ ಬಿಸಿಲು ನಿದ್ದೆಗೆ ಸಿದ್ಧ ಮಾಡೋ ಮೆಲಟೋನಿನ್ ಹಾರ್ಮೋನನ್ನ ಅದುಮಿ ಮೆದುಳಿಗೆ ಎದ್ದೇಳು ಅಂತ ಹೇಳುತ್ತೆ, ಹಾಗಾಗಿ ಬಸ್ ಸ್ಟಾಪಿಂದ ಮನೆವರೆಗೂ ಕೂಲಿಂಗ್ ಗ್ಲಾಸ್ ಹಾಕ್ಕೊಂಡೇ ಬರ್ತೀನಿ, ಅಕ್ಕಪಕ್ಕದವ್ರು ಏನಾದ್ರೂ ಅಂದ್ಕೊಳ್ಲಿ. ರೂಮಿನ ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದೀನಿ, ಡ್ಯೂಟೀಲಿ ಬೆಳಗಿನ ಜಾವದ ಕಾಫಿ ನಿಲ್ಲಿಸಿದೀನಿ, ಅದರ ಅರ್ಧ ಕೆಫೀನ್ ಐದಾರು ಗಂಟೆ ಆದ್ಮೇಲೂ ಮೈಯಲ್ಲೇ ಇರುತ್ತೆ. ಇಷ್ಟೆಲ್ಲಾ ಮಾಡಿ ಮಲಗಿದ್ರೆ ಹನ್ನೊಂದಕ್ಕೆ ಕಾಲಿಂಗ್ ಬೆಲ್. ಹಗಲೊತ್ತು ಮನೇಲಿರೋ ಹೆಂಗಸು ಫ್ರೀಯಾಗಿದ್ದಾಳೆ ಅಂತಾನೇ ಎಲ್ರ ಲೆಕ್ಕ, ಪ್ರೀತಿಯಿಂದಾನೇ ಎಬ್ಬಿಸ್ತಾರೆ, ಆದ್ರೂ ಎಬ್ಬಿಸ್ತಾರೆ. ಒಂದಿನ ಅತ್ತೆ ಹತ್ರ ಕೂತು ಹೇಳ್ದೆ, "ಅತ್ತೆ, ರಾತ್ರಿ ಎರಡು ಗಂಟೆಗೆ ನಿಮ್ಮನ್ನ ಎಬ್ಬಿಸಿ ತರಕಾರಿ ಯಾವ್ದು ತರ್ಲಿ ಅಂತ ಕೇಳಿದ್ರೆ ಹೇಗಿರುತ್ತೆ, ನಂಗೆ ಹನ್ನೊಂದು ಗಂಟೆ ಹಾಗೇ." ಅವತ್ತಿಂದ ಅವರೇ ನನ್ನ ರೂಮಿಗೆ ಕಾವಲು, ಫೋನೂ ಅವರ ಹತ್ರನೇ. ಮಗಳ ಟಿಫಿನ್ ಬಾಕ್ಸು, ಸ್ಕೂಲ್ ವ್ಯಾನು ನಮ್ಮೆಜಮಾನ್ರು ವಹಿಸ್ಕೊಂಡ್ರು, ಸಹಾಯ ಅಂತ ಅಲ್ಲ, ಅವರ ಕೆಲಸ ಅಂತಾನೇ.

ಮನಸ್ಸಿಗೆ ಕೌನ್ಸೆಲರ್ ಹತ್ರ ಹೋದೆ, ಈಗ್ಲೂ ಹೋಗ್ತೀನಿ. ಹೋಗೋಕೆ ದುಡ್ಡಿಲ್ಲ, ಟೈಮಿಲ್ಲ ಅನ್ನೋರು 14416ಕ್ಕೆ ಫೋನ್ ಮಾಡಿ, ಟೆಲಿ-ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ಬದುಕೇ ಬೇಡ ಅನ್ನಿಸ್ತಿದ್ರೆ ಇವತ್ತೇ ಮಾಡಿ, ಬರ್ನ್‌ಔಟ್ ಅಂದ್ಕೊಂಡಿರೋದು ಎಷ್ಟೋ ಸಲ ಖಿನ್ನತೆ ಆಗಿರುತ್ತೆ. ನಮ್ಮ ಯೂನಿಟ್‌ನಲ್ಲಿ ಈಗ ಯಾರಾದ್ರೂ ಪೇಷಂಟ್ ತೀರ್ಕೊಂಡ್ರೆ ಆ ಬೆಡ್ ನೋಡ್ಕೊಂಡ ಸಿಸ್ಟರ್‌ಗೆ ಡ್ಯೂಟಿ ರೂಮಲ್ಲಿ ಸ್ವಲ್ಪ ಹೊತ್ತು ಕೂರೋಕೆ ಬಿಡ್ತೀವಿ, ಇನ್ನೊಬ್ರು ಬೆಡ್ ನೋಡ್ಕೊಳ್ತಾರೆ. ಮೊದ್ಲೆಲ್ಲಾ ಬೆಡ್‌ಶೀಟ್ ಬದಲಾಯ್ಸಿ ಮುಂದಿನ ಅಡ್ಮಿಷನ್ ತಗೊಳ್ತಿದ್ವಿ.

ಇನ್ನು ಡ್ಯೂಟಿ ಲಿಸ್ಟು. ರಾತ್ರಿ ಮನೆ ಸೇರೋ ಸೆಕೆಂಡ್ ಶಿಫ್ಟ್ ಮುಗಿಸಿ ಮಾರನೇ ಬೆಳಗ್ಗೇನೇ ಡ್ಯೂಟಿ ಹಾಕ್ತಿದ್ರು, ಊಟ ಸ್ನಾನ ಬಸ್ಸು ಎಲ್ಲಾ ಕಳೆದ್ರೆ ನಿದ್ದೆಗೆ ಉಳಿಯೋದೇನು ಹೇಳಿ. ನಾವೆಲ್ಲಾ ಸೇರಿ ಇನ್‌ಚಾರ್ಜ್ ಮೇಡಮ್ ಹತ್ರ ಕೂತು ಇದನ್ನ ನಿಲ್ಸಿದ್ವಿ, ಶಿಫ್ಟ್ ಬದಲಾಗೋದಾದ್ರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮುಂದಕ್ಕೇ ಹೋಗ್ಲಿ ಅಂದ್ವಿ. ಹಿಂದಕ್ಕೆ ಸರಿಯೋ ಶಿಫ್ಟಿಗಿಂತ ಇದಕ್ಕೆ ಮೈ ಬೇಗ ಒಗ್ಗುತ್ತೆ. ಮೇಡಮ್ಮೂ ಒಂದು ಕಾಲಕ್ಕೆ ನೈಟ್ ಮಾಡಿದವ್ರೇ, ಅರ್ಥ ಮಾಡ್ಕೊಂಡ್ರು. ಇದಕ್ಕೆ ಒಂದು ಪೈಸೆ ಖರ್ಚಾಗ್ಲಿಲ್ಲ, ನಂಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಆಗಿದ್ದು ಇದೇ.

ದೊಡ್ಡ ವಿಷ್ಯ ಇನ್ನೂ ಬಾಕಿ ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಐಸಿಯುಗೆ ಒಂದು ಬೆಡ್‌ಗೆ ಒಬ್ಬ ನರ್ಸ್ ಇರ್ಬೇಕು, ನಮ್ಮಲ್ಲಿ ಒಬ್ಬೊಬ್ರಿಗೆ ಎರಡು, ಕೆಲವು ರಾತ್ರಿ ಮೂರು. ಯಾರಾದ್ರೂ ರಜ ಹಾಕಿದ್ರೆ ಇನ್ನೊಬ್ರಿಗೆ ಡಬಲ್ ಡ್ಯೂಟಿ. ಇದು ಇನ್‌ಚಾರ್ಜ್ ಕೈಲಿಲ್ಲ, ಮ್ಯಾನೇಜ್‌ಮೆಂಟ್ ಮನಸ್ಸು ಮಾಡ್ಬೇಕು. ಎಲ್ರೂ ಸೈನ್ ಹಾಕಿ ಲೆಟರ್ ಕೊಟ್ಟಿದೀವಿ, ಮುಂದಿನ ಮೀಟಿಂಗಲ್ಲಿ ಮಾತಾಡೋಣ ಅಂದಿದಾರೆ. ನಿಮ್ಮ ಆಸ್ಪತ್ರೇಲಿ ಇದನ್ನ ಕೇಳಿ ಗೆದ್ದೋರಿದ್ರೆ ಹೇಗೆ ಕೇಳಿದ್ರಿ ಅಂತ ತಿಳಿಸಿ, ಮೀಟಿಂಗಿಗೆ ಮುಂಚೆ ಗೊತ್ತಾದ್ರೆ ನಮಗೆ ಉಪಯೋಗ ಆಗುತ್ತೆ.