ಟೈರ್ ಒಡೆದರೂ ಸ್ಟೇರಿಂಗ್ ಎಳೆಯದ ಕಾರು, ಮತ್ತು ನಮ್ಮಲ್ಲಿಗೆ ಬರುವ ಸ್ಪೇಸರ್‌ಗಳು

ಮಡಿಕೇರಿಯಲ್ಲಿ ಸಸ್ಪೆನ್ಷನ್, ಅಲೈನ್‌ಮೆಂಟ್ ಕೆಲಸ ಮಾಡುವವನು ನಾನು. ಪ್ರತಿ ಮಳೆಗಾಲದಲ್ಲೂ ನಮ್ಮಲ್ಲಿಗೆ ಒಂದೇ ಥರದ ಗಾಡಿಗಳು ಬರುತ್ತವೆ. ಅಗಲ ಟೈರು, ಬಾಡಿಯಿಂದ ಹೊರಗೆ ಚಾಚಿದ ಅಲಾಯ್ ವೀಲು, ಕೆಲವಕ್ಕೆ ಹಬ್‌ಗೂ (ವೀಲ್ ಬೋಲ್ಟ್ ಆಗುವ ಭಾಗ) ವೀಲ್‌ಗೂ ನಡುವೆ ಸ್ಪೇಸರ್ ಅನ್ನುವ ದಪ್ಪ ಲೋಹದ ಬಿಲ್ಲೆ. ದೂರೂ ಒಂದೇ. "ಅಣ್ಣ, ಬ್ರೇಕ್ ಹೊಡೆದರೆ ಸೈಡಿಗೆ ಎಳೀತದೆ, ಅಲೈನ್‌ಮೆಂಟ್ ಮಾಡಿಕೊಡಿ." ಬ್ರೇಕ್, ಬುಷ್, ಟೈರ್ ಗಾಳಿ ಎಲ್ಲ ಸರಿಯಿದ್ದೂ ಹೀಗೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿ ಪ್ರಯೋಜನ ಇಲ್ಲ. ಯಾಕೆ ಅಂತ ಕೆಲಸ ಕಲಿಯುವ ಹುಡುಗರಿಗೆ ಹೇಳಬೇಕಾದಾಗ ನಾನು ಶುರು ಮಾಡುವುದು ಫ್ರಾನ್ಸಿನ ಒಂದು ಹಳೇ ಕಾರಿನಿಂದ. ಸಿಟ್ರೊಯೆನ್ ಡಿಎಸ್.

1955ರಲ್ಲಿ ಪ್ಯಾರಿಸ್ ಮೋಟಾರ್ ಶೋದಲ್ಲಿ ಕಾಣಿಸಿಕೊಂಡ ಕಾರು ಅದು, 1975ರವರೆಗೆ ತಯಾರಾಯಿತು. ಅದರ ಚಂದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಮಾತ್ರ ಅದರ ಮುಂದಿನ ಚಕ್ರದ ಮೇಲೆ ಪ್ರೀತಿ.

ಮುಂದಿನ ಚಕ್ರ ಎಡಕ್ಕೋ ಬಲಕ್ಕೋ ತಿರುಗುವಾಗ ಒಂದು ಗೆರೆಯ ಸುತ್ತ ತಿರುಗುತ್ತದೆ. ಹಳೇ ಜೀಪಿನಲ್ಲಿ ಅದು ಕಿಂಗ್‌ಪಿನ್ ಮೂಲಕ ಹೋಗುವ ಗೆರೆ, ಈಗಿನ ಸಣ್ಣ ಕಾರುಗಳಲ್ಲಿ ಮೇಲೆ ಸ್ಟ್ರಟ್, ಕೆಳಗೆ ಬಾಲ್ ಜಾಯಿಂಟ್. ಆ ಗೆರೆಯನ್ನು ನೆಲದವರೆಗೂ ಎಳೆಯಿರಿ. ಅದು ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಭಾಗ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರವೇ ಸ್ಕ್ರಬ್ ರೇಡಿಯಸ್. ಬಾಗಿಲನ್ನು ಕೀಲಿನ ಪಕ್ಕ ತಳ್ಳಿದರೆ ಜಗ್ಗಲ್ಲ, ಅಂಚಿನಲ್ಲಿ ತಳ್ಳಿದರೆ ಒಂದೇ ಬೆರಳು ಸಾಕು, ಅಲ್ವಾ? ಅದೇ ಲೆಕ್ಕ. ಅಂತರ ಜಾಸ್ತಿ ಇದ್ದಷ್ಟೂ ರಸ್ತೆಯ ಪ್ರತಿ ಹೊಡೆತವೂ ಸ್ಟೇರಿಂಗ್ ಕಿತ್ತುಕೊಳ್ಳಲು ನೋಡುತ್ತದೆ. ಟೈರ್ ಒಡೆದಾಗ ಆ ಚಕ್ರ ಒಂದೇ ಸಲಕ್ಕೆ ಭಾರವಾಗಿ ಹಿಂದಕ್ಕೆ ಎಳೆಯುತ್ತದೆ, ಆಗಂತೂ ಕೇಳುವುದೇ ಬೇಡ.

ಡಿಎಸ್ ಮಾಡಿದವರು ಈ ಅಂತರವನ್ನೇ ಸೊನ್ನೆ ಮಾಡಿದರು. ಸಾಮಾನ್ಯವಾಗಿ ಚಕ್ರದ ಒಳಗೆ ಬ್ರೇಕ್ ಕೂತಿರುತ್ತದೆ, ತಿರುಗುವ ಕೀಲಿಗೆ ಅಲ್ಲಿ ಜಾಗ ಸಿಗುವುದಿಲ್ಲ, ಅದು ಒಳಕ್ಕೆ ಸರಿಯಬೇಕು. ಡಿಎಸ್‌ನಲ್ಲಿ ಮುಂದಿನ ಡಿಸ್ಕ್ ಬ್ರೇಕುಗಳನ್ನು ಚಕ್ರದಿಂದ ತೆಗೆದು ಗೇರ್‌ಬಾಕ್ಸ್ ಪಕ್ಕ ಇಟ್ಟರು. ಖಾಲಿಯಾದ ಜಾಗದಲ್ಲಿ, ಚಕ್ರದ ಸರಿಯಾಗಿ ನಟ್ಟನಡುವೆ, ಕೀಲು ಕೂರಿಸಿದರು. ಇಷ್ಟೇ. ಮುಂದಿನ ಟೈರ್ ಒಡೆದರೂ ಆ ಎಳೆತಕ್ಕೆ ಸ್ಟೇರಿಂಗ್ ತಿರುಗಿಸುವ ಹಿಡಿತ ಸಿಗುವುದಿಲ್ಲ. ಜೊತೆಗೆ ಅದರ ಸಸ್ಪೆನ್ಷನ್ನು ಸ್ಪ್ರಿಂಗಿನದಲ್ಲ, ನೈಟ್ರೋಜನ್ ಗ್ಯಾಸ್ ಮತ್ತು ಒತ್ತಡದ ಆಯಿಲ್‌ನದು. ಮುಂದೆಯೋ ಹಿಂದೆಯೋ ಕುಸಿದರೆ ತಾನೇ ಆಯಿಲ್ ತುಂಬಿಸಿಕೊಂಡು ಗಾಡಿಯನ್ನು ಮೇಲೆತ್ತುತ್ತದೆ. ಹಿಂದಿನ ಒಂದು ಚಕ್ರ ಬಿಚ್ಚಿಟ್ಟು ಮೂರೇ ಚಕ್ರದಲ್ಲಿ ಈ ಕಾರು ಓಡಿಸಿ ತೋರಿಸಿದವರಿದ್ದಾರೆ.

ಇದು ಬರೀ ಡ್ರಾಯಿಂಗಿನ ಮಾತಲ್ಲ. 1962ರ ಆಗಸ್ಟ್ 22ರಂದು ಪ್ಯಾರಿಸ್ ಹತ್ತಿರದ ಪೆಟಿ ಕ್ಲಮಾರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಕೂತಿದ್ದ ಡಿಎಸ್ ಮೇಲೆ ಹಂತಕರು ಗುಂಡಿನ ಮಳೆ ಸುರಿಸಿದರು. ಟೈರುಗಳಿಗೂ ಗುಂಡು ಬಿತ್ತು. ಡ್ರೈವರ್ ಗಾಡಿ ನಿಲ್ಲಿಸಲಿಲ್ಲ, ಒಳಗಿದ್ದ ಎಲ್ಲರೂ ಬದುಕಿದರು. ಡ್ರೈವರನ ಗಟ್ಟಿ ಗುಂಡಿಗೆಗೆ ದೊಡ್ಡ ಪಾಲು ಸಲ್ಲಬೇಕು. ಆದರೆ ಕೈ ಹೇಳಿದ ಕಡೆ ಗಾಡಿ ಹೋಗದಿದ್ದರೆ ಗುಂಡಿಗೆ ಏನು ಮಾಡೀತು?

ಈಗ ನಮ್ಮ ಸಂಪಾಜೆ ಘಾಟಿಗೆ ಬನ್ನಿ. ಜುಲೈ ತಿಂಗಳು, ಜೋಡುಪಾಲದ ಹತ್ತಿರ ಇಳಿಯುತ್ತಿದ್ದೀರಿ. ಎದುರಿನ ಬಸ್ಸಿಗೆ ದಾರಿ ಬಿಡಲು ಎಡಗಡೆ ಚಕ್ರಗಳನ್ನು ಟಾರಿನಿಂದ ಕೆಳಗೆ, ಕೆಸರಿಗೆ ಇಳಿಸುತ್ತೀರಿ. ಅದೇ ಹೊತ್ತಿಗೆ ಬ್ರೇಕ್ ಒತ್ತಬೇಕಾಗುತ್ತದೆ. ಬಲಗಡೆ ಟೈರಿಗೆ ಟಾರಿನ ಹಿಡಿತ ಇದೆ, ಎಡಗಡೆಯದಕ್ಕೆ ಇಲ್ಲ. ಗಾಡಿ ಬಲಕ್ಕೆ ತಿರುಗಲು ನೋಡುತ್ತದೆ, ಅಂದರೆ ನೇರ ಬಸ್ಸಿನ ಕಡೆಗೆ. ಚಕ್ರ ತಿರುಗುವ ಆ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರಿನ ನಡು ಹೊರಗೆ ಇದ್ದರೆ ಚಕ್ರವೂ ಬಲಕ್ಕೇ ತಿರುಗಿ ಕೆಲಸ ಇನ್ನೂ ಕೆಡಿಸುತ್ತದೆ. ಗೆರೆಗಿಂತ ಒಳಗೆ ಇದ್ದರೆ ಚಕ್ರ ತಾನಾಗಿ ಸ್ವಲ್ಪ ಎಡಕ್ಕೆ ತಿರುಗಿ ಗಾಡಿಯನ್ನು ನೇರ ಹಿಡಿಯಲು ನೋಡುತ್ತದೆ. 1972ರ ಆಡಿ 80ರಲ್ಲಿ ಇದನ್ನೇ ಬೇಕಂತಲೇ ಮಾಡಿದರು. ಆಮೇಲೆ ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಅದು ಸಾಮಾನ್ಯವಾಯಿತು. ತೋಟದಿಂದ ಸಂತೆಗೆ ಹೋಗುವ ಸಣ್ಣ ಕಾರಿನಲ್ಲೂ ಯಾರೋ ಕೂತು ಮಿಲಿಮೀಟರ್ ಲೆಕ್ಕ ಹಾಕಿಟ್ಟಿರುತ್ತಾರೆ. ನನಗೆ ಇದು ನಿಜಕ್ಕೂ ದೊಡ್ಡ ವಿಷಯ.

30 ಮಿಲಿಮೀಟರ್ ಸ್ಪೇಸರ್ ಹಾಕಿದರೆ ಟೈರಿನ ನಡುಭಾಗ 30 ಮಿಲಿಮೀಟರ್ ಹೊರಗೆ ಹೋಯಿತು. ಕಂಪನಿ ಗೆರೆಯಿಂದ 10 ಮಿಲಿಮೀಟರ್ ಒಳಗೆ ಇಟ್ಟಿದ್ದರೆ ಈಗ ಅದು 20 ಹೊರಗೆ. ಕಾಪಾಡಲು ಇಟ್ಟದ್ದು ಉಲ್ಟಾ ಕೆಲಸ ಮಾಡುತ್ತದೆ. ಅಲೈನ್‌ಮೆಂಟ್ ಮೆಷಿನ್ ಇದನ್ನು ಹೇಳುವುದಿಲ್ಲ, ಟೋ, ಕ್ಯಾಂಬರ್ ಅನ್ನುವ ಚಕ್ರದ ಕೋನಗಳನ್ನೆಲ್ಲ ಹಸಿರು, ಅಂದರೆ ಸರಿ ಇದೆ ಅಂತ ತೋರಿಸುತ್ತದೆ.

ಅದಕ್ಕೇ ನಾನು ಮಾತಿನಲ್ಲಿ ಒಪ್ಪಿಸಲು ಹೋಗುವುದಿಲ್ಲ. ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಬ್ರೇಕ್ ಬಿಟ್ಟು, ಮುಂದಿನ ಟೈರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಓನರ್ ಕೈಯಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸುತ್ತೇನೆ. ಒರಿಜಿನಲ್ ವೀಲ್ ಇದ್ದರೆ ಟೈರು ಹೆಚ್ಚುಕಡಿಮೆ ನಿಂತಲ್ಲೇ ತಿರುಚಿಕೊಳ್ಳುತ್ತದೆ. ಸ್ಪೇಸರ್ ಇದ್ದರೆ ಗೀಟು ಬಿಟ್ಟು ಮುಂದಕ್ಕೋ ಹಿಂದಕ್ಕೋ ಉರುಳುತ್ತದೆ. ಬಗ್ಗಿ ನೋಡಿದವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಅಲಾಯ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ, ಆಸೆ ಇರುತ್ತದೆ, ತಪ್ಪಲ್ಲ. ಕೊಳ್ಳುವ ಮುಂಚೆ ವೀಲಿನ ಹಿಂಭಾಗ ನೋಡಿ, ಇಟಿ ಅಂತ ಅಚ್ಚಾಗಿ ಪಕ್ಕದಲ್ಲೊಂದು ನಂಬರ್ ಇರುತ್ತದೆ. ಅದೇ ಆಫ್‌ಸೆಟ್, ಅಂದರೆ ವೀಲು ಹಬ್‌ಗೆ ಕೂರುವ ಮುಖ ವೀಲಿನ ನಡುವಿನಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವುದು; ನಂಬರ್ ಕಡಿಮೆಯಾದಷ್ಟೂ ವೀಲು ಹೊರಗೆ ಚಾಚುತ್ತದೆ. ಕಂಪನಿ ವೀಲ್‌ನಲ್ಲಿ 45 ಇದ್ದು ಅಂಗಡಿಯವನು 15ರದ್ದು ಕೊಡುತ್ತಿದ್ದರೆ, ಅದು ಸ್ಪೇಸರ್ ಹಾಕಿದ ಹಾಗೇ ಲೆಕ್ಕ. ಕಂಪನಿಯದಕ್ಕೆ ಹತ್ತಿರದ ನಂಬರ್ ಕೇಳಿ, ಸ್ಟಾಕ್ ಇಲ್ಲ ಅಂದರೆ ಬೇರೆ ಡಿಸೈನ್ ನೋಡಿ. ಸ್ಪೇಸರ್ ಈಗಾಗಲೇ ಹಾಕಿಸಿದ್ದರೆ ಮಳೆ ಜೋರಾಗುವ ಮುಂಚೆ ಬಂದು ಬಿಚ್ಚಿಸಿಕೊಳ್ಳಿ, ಬಿಚ್ಚುವುದಕ್ಕೆ ನಾನು ದುಡ್ಡು ತಗೊಳ್ಳಲ್ಲ.