ಲೆಯೋನ್‌ನಲ್ಲಿ ಗೋಡೆ ಹುಡುಕಿದ ದಿನ

ಸ್ಪೇನಿನ ಲೆಯೋನ್ ನಗರದ ಕೆಥೀಡ್ರಲ್ಲಿನ, ಅಂದರೆ ಬಿಷಪ್ಪರ ಮುಖ್ಯ ಚರ್ಚಿನ, ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಇದಕ್ಕೆ ಗೋಡೆ ಎಲ್ಲಿದೆಯೋ?" ಎಂದಳು.

ನಾನು ಉತ್ತರಿಸಲಿಲ್ಲ. ನನ್ನ ಕಣ್ಣೂ ಅದನ್ನೇ ಹುಡುಕುತ್ತಿತ್ತು. ಎಡಬಲಗಳಲ್ಲಿ ತೆಳ್ಳನೆಯ ಕಂಬಗಳು ಮೂವತ್ತು ಮೀಟರ್ ಎತ್ತರಕ್ಕೆ ಏರಿ ಕಮಾನುಗಳಾಗಿ ಬಾಗಿದ್ದವು. ಕಂಬಕ್ಕೂ ಕಂಬಕ್ಕೂ ನಡುವೆ ಕಲ್ಲಿರಬೇಕಾದ ಕಡೆ ನೀಲಿ, ಕೆಂಪು, ಹಸಿರು, ಜೇನಿನ ಹಳದಿ. ಕಿಟಕಿಯ ಮೇಲೆ ಕಿಟಕಿ, ಅದರ ಮೇಲೆ ಇನ್ನೊಂದು ಕಿಟಕಿ. ಸುಮಾರು 1,800 ಚದರ ಮೀಟರ್ ಬಣ್ಣದ ಗಾಜು ಇಲ್ಲಿದೆ ಎಂದು ಮೊದಲೇ ಓದಿದ್ದೆ. ಆ ಸಂಖ್ಯೆಯನ್ನು ಓದಿಕೊಂಡು ಬಂದದ್ದಕ್ಕೂ ಅದರೊಳಗೆ ನಿಲ್ಲುವುದಕ್ಕೂ ಸಂಬಂಧವೇ ಇಲ್ಲ.

ಮ್ಯಾಡ್ರಿಡ್‌ನಿಂದ ಬೆಳಗಿನ ರೈಲು ಹಿಡಿದು ಎರಡು ಗಂಟೆ ಚಿಲ್ಲರೆಯಲ್ಲಿ ಬಂದಿಳಿದಿದ್ದೆವು. ಅಕ್ಟೋಬರ್ ತಿಂಗಳು. ದಾರಿಯುದ್ದಕ್ಕೂ ಕಟಾವಾಗಿ ಬರಿದಾದ ಬಯಲು. ನಿಲ್ದಾಣದಿಂದ ಬೆರ್ನೆಸ್ಗಾ ನದಿಯ ಸೇತುವೆ ದಾಟಿ, ವಾಸ್ತುಶಿಲ್ಪಿ ಗೌಡಿ ಕಟ್ಟಿದ ಕಾಸಾ ಬೊತೀನೆಸ್ ಎಂಬ ಕಟ್ಟಡವನ್ನು ನಿಂತು ನೋಡಿ, ಹಳೆಯ ಊರಿನ ಬೀದಿಗೆ ಹೊರಳಿದೆವು. ಬೆನ್ನಿಗೆ ಚೀಲ, ಚೀಲಕ್ಕೆ ಕಪ್ಪೆಚಿಪ್ಪು ಕಟ್ಟಿಕೊಂಡ ಯಾತ್ರಿಕರು ಗುಂಪುಗುಂಪಾಗಿ ನಡೆಯುತ್ತಿದ್ದರು. ಅವರಿಗೆ ಲೆಯೋನ್ ನಡುದಾರಿಯ ಒಂದು ತಂಗುದಾಣ. ಅವರು ಹೊರಟ ತೀರ್ಥಕ್ಷೇತ್ರ ಸಾಂತಿಯಾಗೊ ಮುಟ್ಟಲು ಇನ್ನೂ 300 ಕಿಲೋಮೀಟರ್ ನಡೆಯಬೇಕು. ನಮಗೆ ಇದೇ ಕೊನೆಯ ನಿಲ್ದಾಣ.

ಅಕ್ಕನ ಪ್ರಶ್ನೆಗೆ ಉತ್ತರ ಹೊರಗಿತ್ತು. ಅವಳನ್ನು ಮತ್ತೆ ಹೊರಗೆ ಕರೆದುಕೊಂಡು ಹೋಗಿ ಪಕ್ಕದಿಂದ ತೋರಿಸಿದೆ. ಕಟ್ಟಡದ ಮೈಯಿಂದ ದೂರ ನಿಂತ ದಪ್ಪ ಕಲ್ಲುಗಂಬಗಳು, ಅವುಗಳಿಂದ ಗಾಳಿಯಲ್ಲಿ ಹಾರಿ ಬಂದು ಛಾವಣಿಯ ಬುಡವನ್ನು ಒತ್ತಿಹಿಡಿದ ಅರ್ಧ ಕಮಾನುಗಳು. ಕಲ್ಲಿನ ಛಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಈ ಕಮಾನುಗಳು ಹೊರಗಿನ ಕಂಬಗಳಿಗೆ ದಾಟಿಸಿ ನೆಲಕ್ಕಿಳಿಸುತ್ತವೆ. ಭಾರ ಹೊರುವ ಕೆಲಸ ತಪ್ಪಿದ ಮೇಲೆ ಗೋಡೆಯನ್ನು ತೆಗೆದು ಗಾಜು ಕೂರಿಸಬಹುದು. ಗಾಥಿಕ್ ಶೈಲಿಯ ಕೆಥೀಡ್ರಲ್ಲುಗಳೆಲ್ಲ ಮಾಡಿದ್ದು ಇದನ್ನೇ. ಲೆಯೋನ್‌ನವರು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಳಗಿನ ಕಮಾನುಸಾಲಿಗೂ ಮೇಲಿನ ದೊಡ್ಡ ಕಿಟಕಿಗಳಿಗೂ ನಡುವಿನ ಕಿರಿದಾದ ಓಣಿಸಾಲು ಎಷ್ಟೋ ಕಡೆ ಕುರುಡುಗೋಡೆಯಾಗಿರುತ್ತದೆ. ಇಲ್ಲಿ ಅದರ ಹಿಂಬದಿಗೂ ಗಾಜು ಹಾಕಿದ್ದಾರೆ.

ಫ್ರಾನ್ಸಿನ ರ‍್ಯಾನ್ಸ್ ಕೆಥೀಡ್ರಲ್ಲಿನ ನಕ್ಷೆಯನ್ನು ಕಿರಿದುಗೊಳಿಸಿ, ಹದಿಮೂರನೆಯ ಶತಮಾನದ ನಡುಭಾಗದಲ್ಲಿ, ದೊರೆ ಹತ್ತನೆಯ ಅಲ್ಫೋನ್ಸೊ ಮತ್ತು ಬಿಷಪ್ ಮಾರ್ತಿನ್ ಫೆರ್ನಾಂದೆಸ್ ಅವರ ಕಾಲದಲ್ಲಿ ಇದರ ಕೆಲಸ ಭರದಿಂದ ನಡೆಯಿತು. ಬುರ್ಗೋಸ್ ನಗರದ ಕೆಥೀಡ್ರಲ್ಲಿಗೂ ದುಡಿದ ಎನ್ರಿಕೆ ಎಂಬ ಮೇಸ್ತ್ರಿ ಇಲ್ಲಿಯೂ ಮುಖ್ಯಸ್ಥ. ಸೋಮನಾಥಪುರದ ಕೇಶವ ದೇವಾಲಯ 1258ರದು ಎಂಬುದು ಆಗ ನೆನಪಾಯಿತು. ಒಂದೇ ಕಾಲದಲ್ಲಿ ಕಾವೇರಿಯ ದಡದಲ್ಲಿ ಒಂದು ಅಂಗುಲ ಕಲ್ಲನ್ನೂ ಬರಿದಾಗಿ ಬಿಡದೆ ಕೆತ್ತುತ್ತಿದ್ದರು, ಇಲ್ಲಿ ಕಲ್ಲನ್ನೇ ಆದಷ್ಟು ಇಲ್ಲವಾಗಿಸುತ್ತಿದ್ದರು. ಎರಡನ್ನೂ ಕಣ್ಣಾರೆ ಕಂಡೆನಲ್ಲ ಎಂದು ಮನಸ್ಸು ತುಂಬಿ ಬಂತು.

ಮತ್ತೆ ಒಳಗೆ ಹೋದೆವು. ಹಕ್ಕಿ ನೋಡಲೆಂದು ಕೊಂಡ ದುರ್ಬೀನು ನನ್ನ ಚೀಲದಲ್ಲಿತ್ತು. ಇಲ್ಲಿಗೆ ಬರುವವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು: ದುರ್ಬೀನು ತನ್ನಿ. ಬರಿಗಣ್ಣಿಗೆ ಬಣ್ಣದ ಚೂರುಗಳಂತೆ ಕಾಣುವ ಮೇಲಿನ ಕಿಟಕಿಗಳಲ್ಲಿ ಪ್ರವಾದಿಗಳು, ಸಂತರು, ದೊರೆಗಳು ಒಬ್ಬೊಬ್ಬರಾಗಿ ಎದ್ದು ಬಂದರು. ಗಡ್ಡದ ಎಳೆ, ಮಡಿಕೆಬಿದ್ದ ನಿಲುವಂಗಿ, ಎತ್ತಿದ ಬೆರಳು. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರ ಸೇರಿಸಿದರೆ ಹದಕ್ಕೆ ತಕ್ಕಂತೆ ಕೆಂಪೋ ಹಸಿರೋ ಬರುತ್ತದೆ. ಹಾಗೆ ಬಣ್ಣಗಟ್ಟಿದ ಗಾಜನ್ನು ಕತ್ತರಿಸಿ, ಮುಖ ಮತ್ತು ಬೆರಳುಗಳ ಗೆರೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಸುಟ್ಟು, ಸೀಸದ ಪಟ್ಟಿಗಳಿಂದ ಜೋಡಿಸುತ್ತಿದ್ದರು. ಕೆಳಗಿನ ಸಾಲಿನಲ್ಲಿ ಗಿಡಬಳ್ಳಿ, ನಡುವೆ ಮನೆತನಗಳ ಲಾಂಛನ, ಮೇಲೆ ಸಂತರು. ನೆಲದಿಂದ ಸ್ವರ್ಗದವರೆಗಿನ ಏರಿಕೆ ಇದು. ಉತ್ತರದ ಕಿಟಕಿಗಳಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯವರು, ತಣ್ಣನೆಯ ಬಣ್ಣಗಳು. ದಕ್ಷಿಣದಲ್ಲಿ ಹೊಸ ಒಡಂಬಡಿಕೆಯವರು, ಬಿಸಿಲು ಕುಡಿದ ಬಣ್ಣಗಳು. ಉತ್ತರದ ಸಾಲಿನಲ್ಲೊಂದು ಕಿಟಕಿ ಮಾತ್ರ ಸಂತರ ನಡುವೆ ಸಂಸಾರಿಗಳಂತೆ ಬೇರೆಯೇ ಲೋಕದ್ದು. ಅದರಲ್ಲಿ ಕುದುರೆ ಸವಾರರು ಬೇಟೆಗೆ ಹೊರಟಿದ್ದಾರೆ. ಅದನ್ನು ಬೇಟೆಯ ಕಿಟಕಿ ಎಂದೇ ಕರೆಯುತ್ತಾರೆ. ಅಕ್ಕ ದುರ್ಬೀನನ್ನು ನನಗೆ ಮರಳಿ ಕೊಡಲು ಬಹಳ ಹೊತ್ತು ಹಿಡಿಯಿತು.

ಇಷ್ಟು ಕಲ್ಲು ತೆಗೆದದ್ದಕ್ಕೆ ಕಟ್ಟಡ ಬೆಲೆ ತೆತ್ತಿದೆ. ಅದರ ಕಥೆ ತಿಳಿದ ಮೇಲೆ ನನಗೆ ಇದರ ಮೇಲಿನ ಪ್ರೀತಿ ಇಮ್ಮಡಿಯಾಯಿತು. ನೆಲದಡಿಯಲ್ಲಿ ರೋಮನ್ನರ ಸ್ನಾನಗೃಹಗಳ ಅವಶೇಷವಿದೆ. ಲೆಯೋನ್ ಎಂಬ ಹೆಸರೇ ಇಲ್ಲಿ ಬೀಡುಬಿಟ್ಟಿದ್ದ ರೋಮನ್ 'ಲೆಗಿಯೊ', ಅಂದರೆ ಸೇನಾದಳದಿಂದ ಬಂದದ್ದು. ಆ ಅವಶೇಷದ ಮೇಲೆ ನಿಂತದ್ದರಿಂದ ಬುನಾದಿ ಸಡಿಲ. ಬಳಸಿದ ಕಲ್ಲೂ ಮಳೆಗಾಳಿಗೆ ಸವೆಯುವಂಥದು. ಹಗಲು ಕಟ್ಟಿದ್ದನ್ನು ರಾತ್ರಿ ಒಂದು ದೈತ್ಯ ಹೆಗ್ಗಣ ನೆಲ ತೋಡಿ ಕೆಡವುತ್ತಿತ್ತು, ಜನ ಅದನ್ನು ಕೊಂದು ತೊಗಲನ್ನು ಬಾಗಿಲ ಮೇಲೆ ನೇತುಹಾಕಿದರು ಎಂದು ಊರಿನ ಹಳೆಯ ಕಥೆ. ಆ ತೊಗಲು ಈಗಲೂ ಒಂದು ಬಾಗಿಲಿನ ಒಳಮೈ ಮೇಲೆ ತೂಗುತ್ತಿದೆ. ಅದು ಕಡಲಾಮೆಯ ಬೆನ್ನಕವಚ ಎಂದು ಪರೀಕ್ಷಿಸಿದವರು ಹೇಳಿದ್ದಾರೆ.

1631ರಲ್ಲಿ ಛಾವಣಿಯ ಒಂದು ಭಾಗ ಬಿತ್ತು. ದುರಸ್ತಿಗೆಂದು ನಡುವೆ ಭಾರವಾದ ಗುಮ್ಮಟ ಏರಿಸಿದರು. ಮೆಲುವಾದ ಈ ಮೈಗೆ ಆ ತೂಕ ಒಗ್ಗಲಿಲ್ಲ. 1755ರ ಲಿಸ್ಬನ್ ಭೂಕಂಪ ಇಲ್ಲಿಯವರೆಗೂ ಬಂದು ಅಲುಗಾಡಿಸಿತು. 1844ರಲ್ಲಿ ಸ್ಪೇನ್ ಮೊತ್ತಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದು ಇದನ್ನೇ. ಘೋಷಿಸಿದಾಗ ಅದು ಬೀಳುವ ಹಂತದಲ್ಲಿತ್ತು. ಆಮೇಲಿನ ದಶಕಗಳಲ್ಲಿ ಗುಮ್ಮಟವನ್ನು ಇಳಿಸಿದರು, ದಕ್ಷಿಣದ ಮುಖವನ್ನು ಕಲ್ಲುಕಲ್ಲಾಗಿ ಬಿಚ್ಚಿದರು. ಹುವಾನ್ ದೆ ಮದ್ರಾಸೊ ಎಂಬ ವಾಸ್ತುಶಿಲ್ಪಿ ಒಳಗೆಲ್ಲ ಮರದ ಚೌಕಟ್ಟು ಕಟ್ಟಿ, ಕಮಾನುಗಳನ್ನು ಅದರ ಮೇಲೆ ಒರಗಿಸಿಕೊಂಡು, ಕೆಳಗಿನ ಆಧಾರಗಳನ್ನು ಹೊಸದಾಗಿ ಎಬ್ಬಿಸಿದ. ಗಾಜುಗಳೆಲ್ಲ ಕೆಳಗಿಳಿದವು. ಅವನ ನಂತರದವರಲ್ಲಿ ಒಬ್ಬನಾದ ಹುವಾನ್ ಬಾತಿಸ್ತಾ ಲಾಸರೊ ಗಾಜಿಗಾಗಿಯೇ ಕಮ್ಮಟ ತೆರೆದು ಅವುಗಳನ್ನು ದುರಸ್ತಿ ಮಾಡಿಸಿ ಮತ್ತೆ ಏರಿಸಿದ. 1901ರಲ್ಲಿ ಪೂಜೆಗೆ ಬಾಗಿಲು ತೆರೆಯಿತು.

ಕೊನೆಯ ಗಂಡಾಂತರ ಬಂದದ್ದು 1966ರ ಮೇ 29ರಂದು. ಸಿಡಿಲು ಹೊಡೆದು ಮೇಲ್ಚಾವಣಿಯ ಮರ ಹೊತ್ತಿ ಉರಿಯಿತು. ಕೆಳಗಿನ ಕಮಾನುಗಳಿಗೆ ಬಳಸಿದ್ದು ರಂಧ್ರಮಯವಾದ ಹಗುರ ಕಲ್ಲು. ನೀರು ಸುರಿದಷ್ಟೂ ಅದು ಹೀರಿಕೊಂಡು ಭಾರವಾಗಿ ಕುಸಿಯುತ್ತದೆ ಎಂದು ಕಟ್ಟಡವನ್ನು ಅಂಗೈಯಂತೆ ಬಲ್ಲ ಒಬ್ಬ ಕುಶಲಕರ್ಮಿ ಎಚ್ಚರಿಸಿದರು. ನೀರಿಗೆ ಮಿತಿ ಹಾಕಿದರು, ಮರ ಉರಿದುಹೋಯಿತು, ಕಮಾನುಗಳು ಉಳಿದವು. ಇದನ್ನು ಅಕ್ಕನಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಉರಿಯುತ್ತಿರುವ ಕಟ್ಟಡಕ್ಕೆ ನೀರು ಸುರಿಯಬೇಡಿ ಎನ್ನಲು ಆ ಕಟ್ಟಡವನ್ನು ಎಷ್ಟು ಬಲ್ಲವರಾಗಿರಬೇಕು!

ಊಟ ಮುಗಿಸಿ ಸಂಜೆ ಮತ್ತೆ ಟಿಕೆಟ್ ಕೊಂಡು ಒಳಗೆ ಬಂದೆವು. ಪಶ್ಚಿಮದ ದೊಡ್ಡ ಚಕ್ರಾಕಾರದ ಕಿಟಕಿಗೆ ಇಳಿಬಿಸಿಲು ಬೀಳುವುದನ್ನು ನೋಡಬೇಕಿತ್ತು. ಬೆಳಿಗ್ಗೆ ಮಂಕಾಗಿದ್ದ ಅದು ಈಗ ಕೆಂಡದಂತೆ ಹೊತ್ತಿಕೊಂಡಿತ್ತು. ನಡುಮನೆಯಲ್ಲಿ ಗಾಯಕರಿಗಾಗಿ ಹದಿನೈದನೆಯ ಶತಮಾನದಲ್ಲಿ ಕೆತ್ತಿದ ಆಕ್ರೋಟು ಮರದ ಪೀಠಗಳಿವೆ. ಅವುಗಳ ಕೆತ್ತನೆಯೇ ಒಂದು ದಿನದ ನೋಟ. ನಮಗೆ ಆಗ ಅತ್ತ ಗಮನವೇ ಹೋಗಲಿಲ್ಲ. ಬೂದು ಬಣ್ಣದ ಕಂಬವೊಂದರ ಮೇಲೆ ನೇರಳೆಯ ಒಂದು ಮಚ್ಚೆ ಮೂಡಿ, ನಾವು ನೋಡುತ್ತಿದ್ದಂತೆ ನಿಧಾನವಾಗಿ ಮೇಲಕ್ಕೆ ಜರುಗುತ್ತಿತ್ತು. ಅಕ್ಕ ಹತ್ತಿರ ಹೋಗಿ ಅದಕ್ಕೆ ಅಂಗೈ ಒಡ್ಡಿದಳು. ಬೆರಳುಗಳೆಲ್ಲ ನೇರಳೆಯಾದವು. ಕಾವಲಿನವರು ಬಾಗಿಲು ಮುಚ್ಚುವ ಸಮಯವಾಯಿತೆಂದು ಸನ್ನೆ ಮಾಡುವವರೆಗೂ ಅವಳು ಕೈ ತೆಗೆಯಲಿಲ್ಲ.